ಯಾವುದನ್ನು ಕುದಿಸಬೇಕು, ಯಾವುದನ್ನು ಮುಚ್ಚಿಡಬೇಕು: ಮನೆಯ ಕಷಾಯಕ್ಕೊಂದು ಕೈಪಿಡಿ

ಚಾ ಕಡಿಮೆ ಮಾಡಿ ಕಷಾಯ ಹಿಡಿಯೋಣ ಎಂದು ಹೊರಟವರಲ್ಲಿ ಬಹಳ ಮಂದಿ ವಾರದೊಳಗೆ ಬಿಟ್ಟುಬಿಡುತ್ತಾರೆ. ಕೇಳಿದರೆ ಕಹಿ ಎನ್ನುತ್ತಾರೆ, ಗಂಟಲು ಉರಿ ಎನ್ನುತ್ತಾರೆ, ದಿನಾ ಮದ್ದು ಕುಡಿದ ಹಾಗಾಗುತ್ತದೆ ಎನ್ನುತ್ತಾರೆ. ಸಾಮಾನಿನಲ್ಲಿ ತಪ್ಪಿರುವುದು ಕಡಿಮೆ. ತಪ್ಪುವುದು ಒಲೆಯ ಮೇಲೆ. ಕೊತ್ತಂಬರಿ, ಶುಂಠಿ, ತುಳಸಿ, ಮಜ್ಜಿಗೆ ಹುಲ್ಲು ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಹಾಕಿ ಕಾಲು ಗಂಟೆ ಕೊತಕೊತ ಕುದಿಸಿದರೆ, ಶುಂಠಿಯ ಸತ್ವ ಇಳಿಯುವ ಹೊತ್ತಿಗೆ ಎಲೆಯ ಪರಿಮಳವೆಲ್ಲ ಹಬೆಯೊಂದಿಗೆ ಹೋಗಿ ಒಗರು ಮಾತ್ರ ಲೋಟದಲ್ಲಿ ಉಳಿದಿರುತ್ತದೆ.

ಸತ್ವ ಇಳಿಸುವ ಬಗೆಗಳಿಗೆ ಆಯುರ್ವೇದ ಬೇರೆ ಬೇರೆ ಹೆಸರನ್ನೇ ಇಟ್ಟಿದೆ. ಕುದಿಸಿ ಇಳಿಸಿದ್ದು ಕ್ವಾಥ. ಕುದಿದ ನೀರು ಹೊಯ್ದು, ಮುಚ್ಚಿಟ್ಟು ಸೋಸಿದ್ದು ಫಾಂಟ. ರಾತ್ರಿ ತಣ್ಣೀರಲ್ಲಿ ನೆನೆಹಾಕಿ ಬೆಳಗ್ಗೆ ಸೋಸಿದ್ದು ಹಿಮ. ಅಡುಗೆಮನೆಯ ಲೆಕ್ಕಕ್ಕೆ ಇಷ್ಟು ನೆನಪಿದ್ದರೆ ಸಾಕು: ಬೀಜ, ಬೇರು, ಕಾಂಡ, ಚಕ್ಕೆ ಕುದಿಯಬೇಕು, ಎಲೆ, ಹೂವು ಒಲೆಯಿಂದ ಇಳಿಸಿದ ಮೇಲೆ ಬೀಳಬೇಕು, ಲಾವಂಚದಂಥ ನವಿರು ಪರಿಮಳಕ್ಕೆ ಬೆಂಕಿಯೇ ಬೇಡ. ಮೂಲಿಕೆಯ ಹದಿನಾರು ಪಾಲು ನೀರು ಹಾಕಿ ಎಂಟನೆಯ ಒಂದು ಪಾಲಿಗೆ ಬತ್ತಿಸುವುದು ವೈದ್ಯರು ಹೇಳಿ ಮಾಡಿಸುವ ಮದ್ದು. ಇಲ್ಲಿರುವುದು ದಿನಾ ಕುಡಿಯುವ ತೆಳು ಕಷಾಯದ ವಿಷಯ.

ಕಷಾಯದ ಪುಡಿ

ಮಂಗಳೂರು, ಉಡುಪಿಯ ಮನೆಗಳಲ್ಲಿ ಹೊಸದಾಗಿ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಾಮಾನೆಲ್ಲ ದಿನಸಿ ಅಂಗಡಿಯಲ್ಲೇ ಸಿಗುತ್ತದೆ, ರುಚಿ ಬಾಯಿಗೆ ಪರಿಚಿತ, ಹಾಲಿನೊಂದಿಗೂ ಹೊಂದುತ್ತದೆ. ನಾಲ್ಕು ಮಂದಿ ದಿನಕ್ಕೊಂದು ಲೋಟ ಕುಡಿಯುವ ಮನೆಗೆ ಒಂದು ತಿಂಗಳಿಗೆ ಚೂರು ಹೆಚ್ಚೇ ಬರುವ ಅಳತೆ ಹೀಗೆ:

ಕೊತ್ತಂಬರಿ 200 ಗ್ರಾಂ, ಜೀರಿಗೆ 100 ಗ್ರಾಂ, ಬಡೆಸೊಪ್ಪು 50 ಗ್ರಾಂ, ಒಣಶುಂಠಿ 20 ಗ್ರಾಂ, ಕಾಳುಮೆಣಸು 15 ಗ್ರಾಂ, ಮೆಂತೆ 10 ಗ್ರಾಂ, ಏಲಕ್ಕಿ 5 ಗ್ರಾಂ, ಜಾಯಿಕಾಯಿ ಒಂದರ ಕಾಲು ಭಾಗ.

ಮೊದಲು ಕೊತ್ತಂಬರಿಯನ್ನು ಮೊರದಲ್ಲಿ ಕೇರಿ ಕಡ್ಡಿ, ಮಣ್ಣು ತೆಗೆಯಿರಿ. ದಪ್ಪ ತಳದ ಬಾಣಲೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹುರಿದರೆ ಕೊತ್ತಂಬರಿ ಬಿಸಿಯಾಗುವ ಮೊದಲೇ ಜೀರಿಗೆ ಕಪ್ಪಾಗಿರುತ್ತದೆ. 200 ಗ್ರಾಂ ಕೊತ್ತಂಬರಿಗೆ ಐದಾರು ನಿಮಿಷ ಬೇಕು. ಜೀರಿಗೆ, ಬಡೆಸೊಪ್ಪಿಗೆ ಎರಡು ನಿಮಿಷ ಧಾರಾಳ. ಬಣ್ಣ ನೋಡಿ ಇಳಿಸುತ್ತೇನೆ ಎಂದರೆ ತಡವಾಗುತ್ತದೆ. ಒಂದು ಕೊತ್ತಂಬರಿ ಕಾಳನ್ನು ಉಗುರಿನಲ್ಲಿ ಒತ್ತಿ ನೋಡಿ: ಬಗ್ಗಿದರೆ ಇನ್ನೂ ನೀರಿನಂಶ ಇದೆ, ಟಕ್ಕನೆ ಎರಡು ಹೋಳಾದರೆ ಆಯಿತು. ಅದರ ಹಸಿ ಕಂಪು ಹೋಗಿ ಬೆಚ್ಚಗಿನ ಪರಿಮಳ ಏಳುವ ಆ ಘಳಿಗೆಗೇ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ. ಕೆಂಪಾಗುವಷ್ಟು ಹುರಿದ ಕೊತ್ತಂಬರಿ ಸಾರಿಗೆ ಚಂದ, ಕಷಾಯಕ್ಕೆ ಹಾಕಿದರೆ ಲೋಟದಲ್ಲಿ ಸಾರಿನ ವಾಸನೆ ಬರುತ್ತದೆ.

ಮೆಂತೆ ಮಾತ್ರ ಹೊಂಬಣ್ಣ ದಾಟಿ ಸ್ವಲ್ಪ ಕೆಂಪಾಗಲಿ. ಹಸಿ ಉಳಿದರೆ ಕಹಿ ಎದ್ದು ಬರುತ್ತದೆ. ಆದರೆ ಸೀದ ಮೆಂತೆ ಹಸಿ ಮೆಂತೆಗಿಂತ ಕೆಟ್ಟದ್ದು. ಹತ್ತು ಗ್ರಾಂ ಮೆಂತೆ ಸೀದರೆ ಅದನ್ನು ಎಸೆದು ಹೊಸದಾಗಿ ಹುರಿಯಿರಿ, ಮನಸ್ಸು ತಡೆಯದೆ ಬೆರೆಸಿದರೆ ನಾನ್ನೂರು ಗ್ರಾಂ ಪುಡಿಯೂ ಹಾಳು. ಕಾಳುಮೆಣಸು ಒಂದೆರಡು ಸಿಡಿಯುವವರೆಗೆ ಸಾಕು. ಏಲಕ್ಕಿ, ಜಾಯಿಕಾಯಿ ಹುರಿಯುವುದು ಬೇಡ, ಬಾಣಲೆಯ ಬಿಸಿಗೆ ತೋರಿಸಿದರೆ ಆಯಿತು. ತುಪ್ಪ ಹಾಕಿ ಹುರಿಯುವ ಅಭ್ಯಾಸವಿದ್ದರೆ ಬಿಡಿ. ಜಿಡ್ಡು ಸೇರಿದ ಪುಡಿ ಎರಡು ವಾರದಲ್ಲಿ ಕಮಟು ಹಿಡಿಯುತ್ತದೆ.

ಒಣಶುಂಠಿಯನ್ನು ಹಾಗೇ ಮಿಕ್ಸಿಗೆ ಹಾಕಬೇಡಿ. ಅರೆಯುವ ಕಲ್ಲಿನ ಮೇಲೆ ಗುಂಡಿನಿಂದ ಜಜ್ಜಿ, ನಾರು ಬಿಡಿಸಿ, ಆಮೇಲೆ ಹಾಕಿ. ಹುರಿದದ್ದೆಲ್ಲ ಪೂರ್ತಿ ಆರಿರಬೇಕು, ಅಂಗೈಗೆ ಬಿಸಿ ತಾಗಬಾರದು. ಬಿಸಿಯಿರುವಾಗಲೇ ಪುಡಿ ಮಾಡಿ ಡಬ್ಬಿ ಮುಚ್ಚಿದರೆ ಮುಚ್ಚಳದಡಿ ಹಬೆ ನೀರಾಗಿ ಪುಡಿ ಗಟ್ಟಿಯಾಗುತ್ತದೆ, ಬೂಸು ಬರುವುದೂ ಅಲ್ಲಿಂದಲೇ. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಪರಿಮಳ ಅಲ್ಲೇ ಮುಗಿಯುತ್ತದೆ. ಪುಡಿ ಸಣ್ಣ ರವೆಯಷ್ಟು ತರಿಯಾಗಿರಲಿ. ಹಿಟ್ಟಿನಂತಾದರೆ ಜಾಲರಿಯಿಂದ ಇಳಿದುಬಂದು ಕೊನೆಯ ಗುಟುಕು ಕೆಸರಾಗುತ್ತದೆ.

ಗಾಜಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಬೇಸಿಗೆಯಲ್ಲಿ ಎರಡು ತಿಂಗಳು ಚೆನ್ನಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯಲ್ಲಿ ನೀರೇ ತುಂಬಿರುವುದರಿಂದ ಅರ್ಧ ಅಳತೆ ಮಾಡಿ ಹದಿನೈದು ದಿನಕ್ಕೆ ಮುಗಿಸುವುದು ಮೇಲು. ದಿನಬಳಕೆಗೆ ಸಣ್ಣ ಡಬ್ಬಿ ಬೇರೆ ಇರಲಿ. ದೊಡ್ಡ ಡಬ್ಬಿಯನ್ನು ದಿನಾ ತೆರೆಯಬಾರದು. ಕುದಿಯುವ ಪಾತ್ರೆಯ ಹಬೆಯ ಮೇಲೆ ಡಬ್ಬಿ ಹಿಡಿದು ಚಮಚ ಹಾಕುವುದು ಎಲ್ಲರೂ ಮಾಡುವ ತಪ್ಪು, ಪುಡಿ ಕಲ್ಲಾಗಲು ಅದೊಂದೇ ಸಾಕು. ಮುಗ್ಗುಲು ವಾಸನೆ ಬಂದ ಪುಡಿಯನ್ನು ಬಿಸಿಲಿಗಿಟ್ಟು ಉಳಿಸಿಕೊಳ್ಳಲು ನೋಡಬೇಡಿ, ಚೆಲ್ಲಿ.

ಒಂದು ಲೋಟಕ್ಕೆ

200 ಮಿ.ಲೀ. ನೀರಿಗೆ ಮಟ್ಟಸವಾಗಿ ಒಂದು ಚಹಾ ಚಮಚ ಪುಡಿ. ನೀರು ಕುದಿ ಬಂದ ಮೇಲೆ ಪುಡಿ ಹಾಕಿ, ಉರಿ ತಗ್ಗಿಸಿ ಮೂರರಿಂದ ನಾಲ್ಕು ನಿಮಿಷ ಕುದಿಸಿ, ಇಳಿಸಿ, ಎರಡು ನಿಮಿಷ ಮುಚ್ಚಿಡಿ. ತರಿ ತಳಕ್ಕೆ ಕೂರುತ್ತದೆ, ಸೋಸುವುದು ಸುಲಭ. ನಳ್ಳಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಪುಡಿ ಹಾಕುವ ಮೊದಲು ನೀರನ್ನು ಮುಚ್ಚದೆ ಎರಡು ನಿಮಿಷ ಹೆಚ್ಚು ಕುದಿಸಿ. ಕಡಲ ಬದಿಯ ಬಾವಿನೀರು ಚೂರು ಉಪ್ಪಾಗಿದ್ದರೆ ಕಷಾಯದಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ, ಬೇರೆ ನೀರು ತೆಗೆದುಕೊಳ್ಳಿ.

ಹಾಲು ಬೆಲ್ಲದ ಜಗಳ ಪ್ರತಿ ಮನೆಯಲ್ಲೂ ಇದೆ. ಬೆಲ್ಲ ಹಾಕಿ ಕುದಿಸಿದ ಕಷಾಯಕ್ಕೆ ಹಾಲು ಹೊಯ್ದರೆ ಒಡೆಯುತ್ತದೆ, ಏಕೆಂದರೆ ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಬಿಸಿಗೆ ಅದು ಹಾಲನ್ನು ಒಡೆಯಲು ಸಾಕು. ಹಳೆಯ, ನೀರೊಡೆದ ಬೆಲ್ಲದಲ್ಲಿ ಇದು ಹೆಚ್ಚು. ಕಷಾಯವನ್ನು ಮೊದಲು ಸೋಸಿ, ಬೇರೆ ಕಾಯಿಸಿದ ಹಾಲು ಸೇರಿಸಿ, ಲೋಟಕ್ಕೆ ಹೊಯ್ದು, ಕುಡಿಯುವ ಬಿಸಿಗೆ ಬಂದಾಗ ಬೆಲ್ಲ ಕರಗಿಸಿ. ಜೋನಿ ಬೆಲ್ಲವಾದರೆ ಕಲಕಿದ ಕೂಡಲೇ ಕರಗುತ್ತದೆ. ಹಾಲಿನ ಪ್ರಮಾಣ ಕಾಲು ಭಾಗ ಸಾಕು. ಹೆಚ್ಚಾದರೆ ಮೆಣಸು, ಶುಂಠಿಯ ಚುರುಕೆಲ್ಲ ಅಡಗಿ ಮಸಾಲೆ ಹಾಲಾಗುತ್ತದೆ. ಮಕ್ಕಳಿಗೆ ಅದೇ ಇಷ್ಟವಾದರೆ ಹಾಗೇ ಕೊಡಬಹುದು.

ಸಕ್ಕರೆ ಕಾಯಿಲೆ ಇರುವವರು ಬೆಲ್ಲವೆಂದು ಸಮಾಧಾನಪಟ್ಟುಕೊಳ್ಳಬಾರದು. ರಕ್ತಕ್ಕೆ ಹೋಗುವಾಗ ಬೆಲ್ಲವೂ ಸಕ್ಕರೆಯೇ. ಅವರಿಗೆ ಪುಡಿಯಲ್ಲಿ ಬಡೆಸೊಪ್ಪನ್ನು 50ರಿಂದ 80 ಗ್ರಾಂಗೆ ಏರಿಸಿದರೆ ಏನೂ ಹಾಕದೆಯೇ ಸಣ್ಣ ಸಿಹಿ ಸಿಗುತ್ತದೆ.

ಹಿತ್ತಿಲಿನ ಎಲೆಗಳು

ಮಜ್ಜಿಗೆ ಹುಲ್ಲು ಎಲೆಗಳಲ್ಲಿ ಎಲ್ಲಕ್ಕಿಂತ ಕೈಹಿಡಿಯುವ ಗಿಡ. ದೊಡ್ಡ ಕುಂಡದಲ್ಲೂ ಬರುತ್ತದೆ, ಒಂದು ಬುಡ ನೆಟ್ಟರೆ ವರ್ಷದೊಳಗೆ ಮನೆಗೆ ಬೇಕಾದಷ್ಟು. ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಯಿಂದ ಕತ್ತರಿಸಿ. ಕೈಯಿಂದ ಎಳೆದರೆ ಅಂಚು ಬ್ಲೇಡಿನಂತೆ ಬೆರಳು ಕೊಯ್ಯುತ್ತದೆ. ಒಂದು ಲೋಟಕ್ಕೆ ಎರಡು ಗರಿ. ತೊಳೆದು, ಅಂಗೈಯಲ್ಲಿ ಹಿಚುಕಿ, ಬೆರಳುದ್ದಕ್ಕೆ ಕತ್ತರಿಸಿ ಪಾತ್ರೆಗೆ ಹಾಕಿ, ಕುದಿದ ನೀರು ಹೊಯ್ದು, ತಟ್ಟೆ ಮುಚ್ಚಿ, ಏಳು ನಿಮಿಷ.

ಆ ತಟ್ಟೆಯ ಮೇಲೇ ಇಡೀ ಕೆಲಸ ನಿಂತಿದೆ. ಏಳು ನಿಮಿಷದ ಮೇಲೆ ತಟ್ಟೆ ಎತ್ತಿ ಒಳಮೈ ನೋಡಿ, ಹನಿಹನಿಯಾಗಿ ನೀರು ಕಟ್ಟಿರುತ್ತದೆ. ಬೆರಳಲ್ಲಿ ಒರೆಸಿ ಮೂಸಿದರೆ ಲೋಟದಲ್ಲಿರುವುದಕ್ಕಿಂತ ಹೆಚ್ಚು ಪರಿಮಳ ಆ ಹನಿಯಲ್ಲೇ. ಎಲೆಯ ಎಣ್ಣೆಯಂಶ ಹಬೆಯೊಂದಿಗೆ ಮೇಲೇರಿ ಅಲ್ಲಿ ಕೂತಿರುತ್ತದೆ. ತಟ್ಟೆಯನ್ನು ಓರೆ ಮಾಡಿ ಆ ಹನಿಗಳನ್ನು ಪಾತ್ರೆಗೇ ಇಳಿಸಿ, ಆಮೇಲೆ ಸೋಸಿ. ಮುಚ್ಚದೆ ಮಾಡಿದ ದಿನ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಮಾತ್ರ ಹಸಿರು ನೀರು.

ತುಳಸಿ ಎಂಟು ಹತ್ತು ಎಲೆ, ಐದು ನಿಮಿಷ. ಕಪ್ಪು ತುಳಸಿಗೆ ಖಾರ ಹೆಚ್ಚು, ಆರು ಎಲೆ ಸಾಕು. ಲವಂಗದ ವಾಸನೆಗೆ ಕಾರಣವಾದ ಯೂಜಿನಾಲ್ ತುಳಸಿಯಲ್ಲೂ ಇರುವುದರಿಂದ ಹೆಚ್ಚು ಹೊತ್ತು ಬಿಟ್ಟರೆ ನಾಲಿಗೆ ಜೋಮು ಹಿಡಿದಂತಾಗುತ್ತದೆ. ದೊಡ್ಡಪತ್ರೆಗೆ ಓಮದ ಘಾಟು. ಎಷ್ಟು ದೊಡ್ಡ ಲೋಟವಾದರೂ ಒಂದು ಎಲೆ, ಹೆಚ್ಚೆಂದರೆ ಎರಡು. ಮೂರನೆಯದು ಹಾಕಿದರೆ ಬೇರೆ ಯಾವ ರುಚಿಯೂ ಕಾಣುವುದಿಲ್ಲ. ಒಂದೆಲಗವನ್ನು, ತುಳುವಿನ ತಿಮರೆಯನ್ನು, ಕುದಿಸಿ ಕುಡಿಯುವವರಿದ್ದಾರೆ, ಆದರೆ ಅದಕ್ಕೆ ಚಟ್ನಿ, ತಂಬುಳಿಯೇ ಸರಿ. ಬಿಸಿನೀರಿನಲ್ಲಿ ಅದಕ್ಕೆ ಹೇಳಿಕೊಳ್ಳುವ ರುಚಿ ಇಲ್ಲ.

ಎಲೆ ಒಣಗಿಸಿಡುವುದಾದರೆ ಜನವರಿ, ಫೆಬ್ರವರಿಯಲ್ಲಿ. ನೆರಳಲ್ಲಿ, ಬಟ್ಟೆಯ ಮೇಲೆ ಒಂದು ಪದರವಾಗಿ, ನಾಲ್ಕರಿಂದ ಆರು ದಿನ. ಹಿಡಿದರೆ ಸದ್ದಾಗಿ ಪುಡಿಯಾಗಬೇಕು. ಬಿಸಿಲಲ್ಲಿ ಒಣಗಿದ ಎಲೆಗೆ ಹುಲ್ಲಿನ ರುಚಿ ಬರುತ್ತದೆ. ಮಳೆಗಾಲದಲ್ಲಿ ಒಣಗಿಸುವ ಸಾಹಸ ಬೇಡ, ಆಗ ಗಿಡದಲ್ಲೇ ಹಸಿ ಎಲೆ ಬೇಕಾದಷ್ಟಿರುತ್ತದೆ. ಒಣ ಎಲೆ ಹಾಕುವಾಗ ಹಸಿಯ ಮೂರನೆಯ ಒಂದು ಪಾಲು ಲೆಕ್ಕ.

ಬೆರಕೆ ಮಾಡುವಾಗ

ಕಷಾಯದ ಪುಡಿಯ ಮಾತು ಬೇರೆ, ನೀವೇ ಬೆರೆಸುವಾಗ ಒಂದು ಲೋಟದಲ್ಲಿ ಮೂರಕ್ಕಿಂತ ಹೆಚ್ಚು ಸಾಮಾನು ಬೇಡ. ಒಂದು ತಳಕ್ಕೆ, ಒಂದು ಪರಿಮಳಕ್ಕೆ, ಒಂದು ಚುರುಕಿಗೆ. ಐದಾರು ಬಗೆ ಸೇರಿಸಿದರೆ ಯಾವುದು ಹೊಟ್ಟೆಗೆ ಆಗಿಬಂತು, ಯಾವುದರಿಂದ ಎದೆ ಉರಿಯಿತು ಎಂದು ಗೊತ್ತೇ ಆಗುವುದಿಲ್ಲ. ಹೊಸ ಸಾಮಾನು ಯಾವುದೇ ಇರಲಿ, ಮೂರು ದಿನ ಅದೊಂದನ್ನೇ ತೆಳುವಾಗಿ ಕುಡಿದು ನೋಡಿ, ಆಮೇಲೆ ಬೆರೆಸಿ.

ಬೆಳಗ್ಗೆಗೆ: ಅರ್ಧ ಇಂಚು ಹಸಿಶುಂಠಿ ಜಜ್ಜಿ 250 ಮಿ.ಲೀ. ನೀರಲ್ಲಿ ಐದು ನಿಮಿಷ ಕುದಿಸಿ ಇಳಿಸಿ, ಎರಡು ಗರಿ ಮಜ್ಜಿಗೆ ಹುಲ್ಲು ಹಾಕಿ ಏಳು ನಿಮಿಷ ಮುಚ್ಚಿಡಿ. ಹಸಿಶುಂಠಿ ಇಲ್ಲದಾಗ ಒಣಶುಂಠಿ ಪುಡಿಯನ್ನು ಕಾಲು ಚಮಚಕ್ಕೆ ನಿಲ್ಲಿಸಿ. ಒಣಗುವಾಗ ಶುಂಠಿಯ ಜಿಂಜರಾಲ್ ಹೆಚ್ಚು ಖಾರದ ಶೋಗಾಲ್ ಆಗಿ ಬದಲಾಗುತ್ತದೆ, ಗಂಟಲು ಉರಿ ಎನ್ನುವವರ ದೂರು ಹೆಚ್ಚಾಗಿ ಇಲ್ಲಿಯದು.

ಊಟದ ಮೇಲೆ ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಬಡೆಸೊಪ್ಪು, ಒಂದು ಏಲಕ್ಕಿಯನ್ನು ಸಿಪ್ಪೆಯೊಂದಿಗೆ ಜಜ್ಜಿ ಮೂರು ನಿಮಿಷ ಕುದಿಸಿ. ಹಾಲು, ಬೆಲ್ಲ ಯಾವುದೂ ಬೇಡ. ಊಟ ಮುಗಿದು ಅರ್ಧ ಗಂಟೆಯಾದ ಮೇಲೆ ಒಳ್ಳೆಯದು.

ಜಡಿಮಳೆಯ ಸಂಜೆಗೆ ನಾಲ್ಕು ಕಾಳುಮೆಣಸು ಕುಟ್ಟಿ, ಚೂರು ಶುಂಠಿಯೊಂದಿಗೆ ಐದು ನಿಮಿಷ ಕುದಿಸಿ, ಇಳಿಸಿ ತುಳಸಿ ಹಾಕಿ ಮುಚ್ಚಿಡಿ. ಓಲೆ ಬೆಲ್ಲ (ತಾಳೆ ಬೆಲ್ಲ) ಸಿಕ್ಕಿದರೆ ಇದಕ್ಕೇ ಉಳಿಸಿಕೊಳ್ಳಿ, ಅದರ ಹೊಗೆಯ ಸಿಹಿ ಮೆಣಸಿನೊಂದಿಗೆ ಹೊಂದುವಷ್ಟು ಬೇರೇನೂ ಹೊಂದುವುದಿಲ್ಲ. ಜೇನು ಹಾಕುವವರು ಕಷಾಯ ಉಗುರುಬೆಚ್ಚಗಾದ ಮೇಲೆ ಹಾಕಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಯಾವ ರೂಪದಲ್ಲೂ ಕೊಡಬಾರದು.

ರಾತ್ರಿಗೆ ಕಷಾಯದ ಪುಡಿಯೇ ಸಾಕು. ನಿದ್ದೆ ಬರಲೆಂದು ಜಾಯಿಕಾಯಿ ಹೆಚ್ಚಿಸಬೇಡಿ. ಚಿಟಿಕೆಯಲ್ಲಿ ಅದು ಪರಿಮಳ. ಒಂದೆರಡು ಚಮಚದಷ್ಟು ಒಮ್ಮೆಲೇ ಹೊಟ್ಟೆಗೆ ಹೋದರೆ ವಾಂತಿ, ಎದೆ ಡವಗುಟ್ಟುವುದು, ಭ್ರಮೆ ಎಲ್ಲ ಬರುತ್ತದೆ.

ಬೇಸಿಗೆಗೆ

ಪುನರ್ಪುಳಿ ಸಿಪ್ಪೆ ಕೊಳ್ಳುವಾಗ ಉಪ್ಪು ಹಾಕಿ ಒಣಗಿಸಿದ್ದೋ ಬರೇ ಒಣಗಿಸಿದ್ದೋ ಎಂದು ಕೇಳಿ, ಚೂರು ನಾಲಿಗೆಗೆ ಇಟ್ಟು ನೋಡಿ. ಉಪ್ಪಿನದ್ದು ಸಾರಿಗೆ. ಉಪ್ಪಿಲ್ಲದ ನಾಲ್ಕೈದು ಸಿಪ್ಪೆಯನ್ನು 250 ಮಿ.ಲೀ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ಸೋಸಿ, ಹುರಿದ ಜೀರಿಗೆ ಪುಡಿ ಚಿಟಿಕೆ, ಬೆಲ್ಲ ಸೇರಿಸಿ. ಹುಳಿ ಇರುವುದರಿಂದ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆ ಬೇಡ; ಸ್ಟೀಲ್, ಗಾಜು, ಮಣ್ಣು ಸರಿ. ಎದೆಯುರಿ ಇರುವವರು ಬರಿಹೊಟ್ಟೆಗೆ ಕುಡಿಯದಿರುವುದು ಒಳ್ಳೆಯದು.

ಲಾವಂಚದ ಬೇರನ್ನು ಮಣ್ಣು ಪೂರ್ತಿ ಹೋಗುವವರೆಗೆ ಮೂರು ನಾಲ್ಕು ನೀರಲ್ಲಿ ತೊಳೆದು, ತೆಳು ಬಟ್ಟೆಯಲ್ಲಿ ಕಟ್ಟಿ, ಕಾಯಿಸಿ ಆರಿಸಿದ ನೀರಿನ ಮಣ್ಣಿನ ಹೂಜಿಗೆ ರಾತ್ರಿ ಇಳಿಬಿಡಿ. ಎರಡು ಲೀಟರಿಗೆ ಒಂದು ಸಣ್ಣ ಹಿಡಿ. ಮರುದಿನ ತೆಗೆದು ಬಿಸಿಲಿಗೆ ಒಣಗಿಸಿ ಮತ್ತೆ ಬಳಸಬಹುದು. ಮೂರ್ನಾಲ್ಕು ಸಲ ಆದ ಮೇಲೆ ಪರಿಮಳ ಇರುವುದಿಲ್ಲ. ಲಾವಂಚ, ಸೊಗದೆ ಬೇರು, ಜ್ಯೇಷ್ಠಮಧು ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುತ್ತವೆ. ಕಟ್ಟಿಟ್ಟ ಪೊಟ್ಟಣಕ್ಕಿಂತ ಬಿಡಿಯಾಗಿ ಕೇಳಿ ಮೂಸಿ ನೋಡಿ ತನ್ನಿ: ಮುರಿದಾಗ ವಾಸನೆ ಬಾರದ ಬೇರು ಹಳೆಯದು.

ಬೇಲಿಯ ಶಂಖಪುಷ್ಪದ ಐದಾರು ನೀಲಿ ಹೂವನ್ನು ತೊಟ್ಟು ತೆಗೆದು ಬಿಸಿನೀರಿಗೆ ಹಾಕಿದರೆ ಕಡುನೀಲಿ, ಲಿಂಬೆ ಹಿಂಡಿದರೆ ನೇರಳೆ. ಕಣ್ಣಿಗೆ ಹಬ್ಬ, ರುಚಿ ಬಹಳ ಕಡಿಮೆ. ಮಜ್ಜಿಗೆ ಹುಲ್ಲಿನ ಜೊತೆ ಮಾಡಿದರೆ ಚಂದ. ಅಂಗಡಿಯಲ್ಲಿ ಹಿಬಿಸ್ಕಸ್ ಹೆಸರಲ್ಲಿ ಸಿಗುವ ಕೆಂಪು ಹುಳಿ ಎಸಳು ಅಂಗಳದ ದಾಸವಾಳದ್ದಲ್ಲ. ಅದು ಪುಂಡಿ ಜಾತಿಯ ಗಿಡದ ಹೂವಿನ ಕೆಳಗಿನ ಕೆಂಪು ಪುಷ್ಪಪಾತ್ರೆ. ಅಂಗಳದ ದಾಸವಾಳ ಹಾಕಿ ಆ ಹುಳಿ ಬರಲಿಲ್ಲವೆಂದು ಬೇಸರಿಸಬೇಡಿ. ಪುಂಡಿಯ ಈ ಕಷಾಯ ರಕ್ತದೊತ್ತಡ ಇಳಿಸಬಲ್ಲದು, ಒತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಿಯೇ ಶುರು ಮಾಡಿ.

ಚಾ ಬಿಡುವಾಗ ಬರುವ ತಲೆನೋವು

ದಿನಕ್ಕೆ ನಾಲ್ಕು ಚಾ ಕುಡಿಯುತ್ತಿದ್ದವರು ಒಮ್ಮೆಲೇ ಕಷಾಯಕ್ಕೆ ಬಂದರೆ ಮರುದಿನವೇ ತಲೆನೋವು, ತೂಕಡಿಕೆ, ಸಿಡುಕು. ಅದು ಕಷಾಯ ಆಗದ ಲಕ್ಷಣವಲ್ಲ. ಕಷಾಯದಲ್ಲಿ ಕೆಫೀನ್ ಇಲ್ಲ, ದೇಹ ಅದನ್ನು ಕೇಳುತ್ತಿದೆ ಅಷ್ಟೇ. ಮೊದಲ ವಾರ ಸಂಜೆಯ ಒಂದು ಚಾದ ಜಾಗಕ್ಕೆ ಮಾತ್ರ ಕಷಾಯ ತನ್ನಿ, ಎರಡನೆಯ ವಾರ ಇನ್ನೊಂದು. ಬೆಳಗಿನ ಚಾ ಕೊನೆಗೆ, ಬೇಕಿದ್ದರೆ ಅದು ಉಳಿಯಲಿ.

ಇವುಗಳ ವಿಷಯದಲ್ಲಿ ಎಚ್ಚರ

ತೂಕ ಇಳಿಸುವ ಚಹಾ ಎಂದು ಮಾರುವ ಪೊಟ್ಟಣದ ಹಿಂಬದಿ ಓದಿ. ಸೋನಾಮುಖಿ ಅಥವಾ ಸೆನ್ನಾ ಎಂದಿದ್ದರೆ ಅದು ಭೇದಿಯ ಮದ್ದು. ಇಳಿಯುವುದು ನೀರಿನ ತೂಕ. ತಿಂಗಳುಗಟ್ಟಲೆ ಕುಡಿದರೆ ಪೊಟ್ಯಾಶಿಯಂ ಕುಸಿಯುತ್ತದೆ. ಜ್ಯೇಷ್ಠಮಧು ಕೆಮ್ಮಿಗೆ ನಾಲ್ಕು ದಿನ ಸರಿ, ದಿನಾ ಕುಡಿದರೆ ರಕ್ತದೊತ್ತಡ ಏರಿಸುತ್ತದೆ. ಅಮೃತಬಳ್ಳಿಯ ಕಷಾಯ ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುದಿಯಿತು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದರಂತೆಯೇ ಕಾಣುವ ಬೇರೆ ಬಳ್ಳಿ ಇದೆ ಎಂದೂ ಎಚ್ಚರಿಸಿತು. ವೈದ್ಯರು ಹೇಳದೆ ದಿನನಿತ್ಯಕ್ಕೆ ಅದನ್ನು ಇಟ್ಟುಕೊಳ್ಳದಿರುವುದೇ ಲೇಸು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಕಿಡ್ನಿ ತೊಂದರೆ ಇರುವವರು ಅಡುಗೆಯ ಅಳತೆ ದಾಟುವ ಯಾವ ಕಷಾಯವನ್ನೂ ಕೇಳದೆ ಕುಡಿಯಬಾರದು.

ತುಳುನಾಡಿನ ಆಟಿ ಅಮಾವಾಸ್ಯೆಯ ಪಾಲೆದ ಕಷಾಯವನ್ನು, ಅಂದರೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯವನ್ನು, ದಿನಾ ಕುಡಿಯುವ ಕಷಾಯಗಳ ಸಾಲಿಗೆ ಸೇರಿಸಬೇಡಿ. ಅದು ವರ್ಷಕ್ಕೊಂದೇ ದಿನ, ಬರಿಹೊಟ್ಟೆಗೆ ಸಣ್ಣ ಲೋಟದಲ್ಲಿ ಕುಡಿಯುವ ಮದ್ದು. ಕೆತ್ತೆಯೊಂದಿಗೆ ಕಾಳುಮೆಣಸು, ಬೆಳ್ಳುಳ್ಳಿ, ಓಮ ಅರೆದು, ಕಾಯಿಸಿದ ಬೆಣಚುಕಲ್ಲು ಹಾಕಿ ಬಿಸಿ ಮಾಡುತ್ತಾರೆ, ಮೇಲೆ ಮೆಂತೆ ಗಂಜಿ. ಅಪಾಯ ಇರುವುದು ಮರದ ಗುರುತಿನಲ್ಲಿ. ನಸುಕಿನ ಕತ್ತಲಲ್ಲಿ ಹೋಗಿ ಕೆತ್ತೆ ತೆಗೆಯುವ ಪದ್ಧತಿಯಾದ್ದರಿಂದ ಕಾಸರ್ಕನ ಮರದ ಕೆತ್ತೆ ಕೈಗೆ ಬರುವ ಸಂಭವ ಇದೆ, ಅದರಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷ. ಹಿಂದಿನ ದಿನ ಹಗಲಿನಲ್ಲೇ ಮರ ನೋಡಿ ಗುರುತು ಕಟ್ಟಿ ಬನ್ನಿ. ಪಾಲೆಯ ಎಲೆಗಳು ಒಂದೇ ಗಂಟಿನಿಂದ ಐದು, ಏಳು ಎಂದು ಸುತ್ತಲೂ ಹೊರಡುತ್ತವೆ, ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರ್ಕನ ಎಲೆ ಎದುರುಬದುರು ಜೋಡಿ, ಬುಡದಿಂದಲೇ ಮೂರು ಐದು ನರಗಳು ಎದ್ದು ಕಾಣುತ್ತವೆ, ಹಾಲು ಬರುವುದಿಲ್ಲ. ಮರ ಬಲ್ಲವರು ಜೊತೆಗಿಲ್ಲದಿದ್ದರೆ ಆ ವರ್ಷ ಬಿಟ್ಟುಬಿಡಿ, ಇಲ್ಲವೆ ಆ ಬೆಳಗ್ಗೆ ಕಷಾಯ ಹಂಚುವ ಆಯುರ್ವೇದ ವೈದ್ಯರಲ್ಲಿ ಕೇಳಿ ಪಡೆಯಿರಿ. ಕುಡಿದ ಸ್ವಲ್ಪ ಹೊತ್ತಿಗೆ ದವಡೆ ಬಿಗಿಯುವುದು, ಮೈ ಸೆಟೆಯುವುದು ಕಂಡರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಉಳಿದ ಕೆತ್ತೆಯ ಚೂರನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.